ಎರಡು ನಾರಿನ ಹಗ್ಗ

"ಗುರುಗಳೇ, ನಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದವನು ನಿರ್ವಾಣಯ್ಯ. ಊರಿಗೆ ಜ್ವರ ಬಂದಾಗ ರೋಗಿಗಳ ಸೇವೆಗೆಂದು ಮಠದಿಂದ ಹೋದ ನಮ್ಮಲ್ಲಿ ಅವನೇ ಮೊದಲು ಕುಸಿದ, ತೀರಿಕೊಂಡ. ಮೆತ್ತನೆಯವರಾದ ನಾವೆಲ್ಲ ಉಳಿದೆವು. ಹಾಗಾದರೆ ಅವನ ಗಟ್ಟಿತನ ಬರಿಯ ತೋರಿಕೆಯೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಒಂದು ಕತೆ ಹೇಳತೊಡಗಿದರು.

ಬಾವಿಯ ಹೂಳೆತ್ತುವವನೊಬ್ಬನಿದ್ದನು. ಅವನ ಹೆಂಡತಿ ಹಗ್ಗ ಹೊಸೆಯುತ್ತಿದ್ದಳು. ಅವಳು ಹೊಸೆದ ತೆಂಗಿನ ನಾರಿನ ಹಗ್ಗವನ್ನು ನಡುವಿಗೆ ಕಟ್ಟಿಕೊಂಡೇ ಅವನು ಬಾವಿಗೆ ಇಳಿಯುತ್ತಿದ್ದನು. ಭಾರ ಬಿದ್ದರೆ ಆ ಹಗ್ಗ ಹಿಗ್ಗುತ್ತಿತ್ತು.

"ನಡುಬಾವಿಯಲ್ಲಿ ಜೋಲಿ ಹೊಡೆಸುತ್ತದೆ ಕಣೇ, ಎದೆ ಝಲ್ಲೆನ್ನುತ್ತದೆ. ಇನ್ನೂ ಗಟ್ಟಿಯಾದುದನ್ನು ಮಾಡಿಕೊಡು" ಎಂದು ಒಂದು ದಿನ ಅವನು ಹೇಳಿದನು.

ಅವಳು ಕತ್ತಾಳೆಯ ನಾರು ತಂದಳು. ಎರಡು ಬಗೆಯ ಎಳೆಗಳನ್ನೂ ಬೇರೆ ಬೇರೆಯಾಗಿ ತೂಗಿಬಿಟ್ಟು ಕಲ್ಲು ಕಟ್ಟಿ ನೋಡಿದಳು. ತೆಂಗಿನೆಳೆಯನ್ನು ಹರಿದ ಭಾರಕ್ಕೆ ಕತ್ತಾಳೆಯ ಎಳೆ ಜಗ್ಗಲೂ ಇಲ್ಲ. ಹೊಸ ಹಗ್ಗದಲ್ಲಿ ತೆಂಗಿನ ಒಂದು ಎಳೆಯ ಬದಲು ಕತ್ತಾಳೆಯದನ್ನು ಸೇರಿಸಿದಳು. ಎಲ್ಲ ಎಳೆಗಳ ಬಲವನ್ನೂ ಕೂಡಿಸಿದರೆ ಇದು ಹಳೆಯದಕ್ಕಿಂತ ಹೆಚ್ಚು ಹೊರಲೇಬೇಕು ಎಂದು ಅವಳ ಎಣಿಕೆ. ಹಗ್ಗ ಜೋಲಿ ಹೊಡೆಯಲಿಲ್ಲ. ಗಂಡನಿಗೂ ಸಮಾಧಾನವಾಯಿತು.

ಬೇಸಿಗೆಯಲ್ಲಿ ಒಂದು ದಿನ, ಹೂಳಿನ ಬುಟ್ಟಿ ಹಿಡಿದು ಮೇಲೇರುತ್ತಿದ್ದಾಗ ಹಗ್ಗ ಚಟ್ಟೆಂದಿತು. ಹರಿದದ್ದು ಕತ್ತಾಳೆ. ಅದರ ಭಾರವೆಲ್ಲ ಒಮ್ಮೆಗೇ ತೆಂಗಿನೆಳೆಗಳ ಮೇಲೆ ಬಿತ್ತು. ಅವೂ ಒಂದರ ಹಿಂದೊಂದು ಹೋದವು. ಬಾವಿಯ ತಳಕ್ಕೆ ಬಿದ್ದ ಅವನು ಬದುಕಿದನು, ಆದರೆ ಮತ್ತೆ ಎದ್ದು ನಿಲ್ಲಲಿಲ್ಲ.

"ಆ ಕತ್ತಾಳೆಯೇ ಕೈಕೊಟ್ಟಿತು. ಉಳಿದದ್ದನ್ನು ಸುಟ್ಟುಹಾಕು" ಎಂದನು, ಮಲಗಿದ್ದಲ್ಲಿಂದ.

ಅವಳಿಗೂ ಸಿಟ್ಟಿತ್ತು. ನಾರನ್ನು ಒಲೆಯವರೆಗೆ ಒಯ್ದವಳು ಅಲ್ಲೇ ನಿಂತಳು. ಎರಡು ಎಳೆಗಳನ್ನು ಈ ಸಲ ಜೊತೆಯಾಗಿ ತೂಗಿಬಿಟ್ಟು, ಎರಡಕ್ಕೂ ಸೇರಿಸಿ ಒಂದೇ ಕಲ್ಲು ಕಟ್ಟಿದಳು. ಕತ್ತಾಳೆ ಬಿಗಿದು ನಿಂತಿತು. ತೆಂಗಿನೆಳೆಯನ್ನು ಬೆರಳಿನಿಂದ ಮುಟ್ಟಿದಳು. ಅದು ಸಡಿಲವಾಗಿತ್ತು.

ಅವಳು ಬಂದು ಗಂಡನ ಪಕ್ಕದಲ್ಲಿ ಕುಳಿತಳು.

"ಅದು ಕೈಕೊಡಲಿಲ್ಲ ಕಣ್ರೀ. ಉಳಿದವು ಹಿಗ್ಗುತ್ತಿದ್ದವು, ಅದಕ್ಕೆ ಹಿಗ್ಗಲು ಬರುತ್ತಿರಲಿಲ್ಲ. ಇಷ್ಟು ದಿನ ನಿಮ್ಮನ್ನು ಅದೊಂದೇ ಹೊತ್ತಿತ್ತು. ಎಲ್ಲವೂ ಸೇರಿ ಹೊರುತ್ತಿವೆ ಎಂದು ನಂಬಿದವಳು ನಾನು" ಎಂದು ಅತ್ತಳು.

ಗಂಡ ಅವಳ ಕೈ ಹಿಡಿದುಕೊಂಡನು. ಮುಂದೆ ಹಗ್ಗ ಹೊಸೆದೇ ಅವಳು ಅವನನ್ನು ಸಾಕಿದಳು; ಎರಡು ನಾರುಗಳನ್ನು ಮಾತ್ರ ಎಂದೂ ಬೆರೆಸಲಿಲ್ಲ.

ಶಿಷ್ಯನು ಮೆಲ್ಲಗೆ, "ಆದರೆ ಗುರುಗಳೇ, ನಾವೂ ನಿರ್ವಾಣಯ್ಯನ ಜೊತೆಯಲ್ಲೇ ಇದ್ದೆವಲ್ಲ?" ಎಂದನು.

ಗುರುಗಳು ಹೇಳಿದರು: "ಇದ್ದಿರಿ; ಅವನು ಬೀಳುವವರೆಗೆ ನಿಮಗೆ ಭಾರ ತಾಗಿತ್ತೇ?"