ಆನೆ ನಿಂತ ಜಾಗ

ಅರಮನೆ ಇದುವರೆಗೆ ಒಂದು ದಾವೆಯನ್ನೂ ಸೋತಿಲ್ಲ ಎಂದು ಕೆಂಚನಗಡದ ದೊರೆ ಸಿಂಗಪ್ಪನಾಯಕ ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಿದ್ದ. ಸೋಲುವುದಾದರೂ ಹೇಗೆ? ತೀರ್ಪು ಕೊಡುವ ಧರ್ಮಾಧಿಕಾರಿಗಳು ಬಾಯಿ ತೆರೆಯುವ ಮುಂಚೆ ದೊರೆಯ ಮುಖ ನೋಡುತ್ತಿದ್ದರು. ಆದರೂ ವಾದ ನಡೆದಂತೆ ಕಾಣಬೇಕಲ್ಲ! ಅದಕ್ಕೆಂದೇ ಸೀಬಯ್ಯನೆಂಬ ವಕೀಲನನ್ನು ನೇಮಿಸಿ, ಕೋಟೆ ಬಾಗಿಲ ಪಕ್ಕದಲ್ಲಿ ಇರಲು ಒಂದು ಮನೆ ಕೊಟ್ಟಿದ್ದ. ಜಮೀನು, ಗೋಡೆ, ಕಾಲುವೆ, ದಾರಿ ಎಂದು ಅರಮನೆಗೂ ಊರವರಿಗೂ ಏನೇ ತಕರಾರು ಬಂದರೂ ಅರಮನೆಯ ಪರ ನಿಂತು ಮಾತಾಡುವುದು ಸೀಬಯ್ಯನ ಕೆಲಸ.

ಒಂದು ದಿನ ದೊರೆಗೆ ಹೂದೋಟ ಮಾಡುವ ಆಸೆ ಹುಟ್ಟಿತು. ಕಣ್ಣಿಗೆ ಬಿದ್ದದ್ದು ನೇಕಾರರ ಹುಣಸೆ ತೋಪು. ಅಲ್ಲಿನ ನೆರಳಿನಲ್ಲೇ ನೇಕಾರರು ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಗಂಜಿ ಹಾಕುತ್ತಿದ್ದರು. ಬಿಸಿಲಿಗೆ ಹಾಕಿದರೆ ಎಳೆ ಕಡಿದುಹೋಗುತ್ತದೆ. ತೋಪು ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಇಡೀ ಕೇರಿ ಉಪವಾಸ.

"ತೋಪು ನಮ್ಮದು ಅಂತ ದಾವೆ ಹಾಕು," ಎಂದ ದೊರೆ.

"ಯಾವ ಆಧಾರದ ಮೇಲೆ, ಮಹಾಸ್ವಾಮಿ?"

"ನಮ್ಮ ಪಟ್ಟದಾನೆ ಮಾಲಿಂಗ ದಿನಾ ಮಧ್ಯಾಹ್ನ ಅಲ್ಲೇ ನಿಲ್ಲುತ್ತೆ. ಹನ್ನೆರಡು ವರ್ಷದ ಮೇಲಾಯ್ತು. ಒಬ್ಬನಾದರೂ ಬೇಡ ಅಂದನಾ?"

ಆನೆಗೆ, ಅದರಲ್ಲೂ ಅರಮನೆಯ ಆನೆಗೆ, ಬೇಡ ಎನ್ನುವ ಗಂಡು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಲ್ಲದೆ, ಒಂದು ಕಡುಬೇಸಿಗೆಯಲ್ಲಿ ಮಾಲಿಂಗ ಬಳಲುವುದನ್ನು ನೋಡಲಾರದೆ, ನಮ್ಮ ನೆರಳಲ್ಲಿ ಕಟ್ಟಿಕೊಳ್ಳಪ್ಪಾ ಎಂದು ಮಾವುತನನ್ನು ಕರೆದವನು ನೇಕಾರರ ಯಜಮಾನ ಚೌಡಪ್ಪನೇ. ಸೀಬಯ್ಯ ಇದನ್ನು ಮೆಲ್ಲಗೆ ಹೇಳಿ ನೋಡಿದ. ದೊರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅರಮನೆ ಸೋತ ದಿನ ಕೋಟೆ ಬಾಗಿಲ ಮನೆ ಖಾಲಿ ಮಾಡಬೇಕಾಗುತ್ತದೆ ಎಂದು ಎಚ್ಚರಿಸಿ ಒಳಗೆ ಹೋದ.

ಸೀಬಯ್ಯ ಸೋಲಲಿಲ್ಲ. ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷ ಯಾರ ಕೈಯಲ್ಲಿತ್ತೋ ಅದು ಅವರದೇ ಎಂದು ಅಮೋಘವಾಗಿ ವಾದಿಸಿದ. ಪಾಪ, ಚೌಡಪ್ಪ ಕೈಮುಗಿದು, ನೆರಳು ಕೊಟ್ಟದ್ದು ದಯೆಗೆ, ಜಾಗ ಕೊಟ್ಟದ್ದಲ್ಲ ಎಂದು ಅಂಗಲಾಚಿದ. ಧರ್ಮಾಧಿಕಾರಿಗಳು ದೊರೆಯ ಮುಖ ನೋಡಿದರು. ತೋಪು ಅರಮನೆಯದಾಯಿತು.

"ಮಹಾಸ್ವಾಮಿ, ನಾಳೆ ಇವರ ಮಕ್ಕಳು ಮತ್ತೆ ತಕರಾರು ತೆಗೆದಾರು," ಎಂದ ಸೀಬಯ್ಯ. "ಈ ತೀರ್ಪನ್ನೇ ನಾಡಿಗೆಲ್ಲ ಕಾನೂನು ಮಾಡಿಬಿಡಿ."

ದೊರೆ ಹಿಗ್ಗಿಹೋದ. ಸಂಜೆಯೇ ಡಂಗುರ ಸಾರಿಸಿದ: ಯಾರದೇ ವಸ್ತು ಹನ್ನೆರಡು ವರ್ಷ ಇನ್ನೊಬ್ಬನ ಕೈಯಲ್ಲಿದ್ದು, ಒಡೆಯ ಬೇಡ ಎನ್ನದಿದ್ದರೆ, ಅದು ಇಟ್ಟುಕೊಂಡವನದೇ. ದಯೆಗೆ ಕೊಟ್ಟೆ ಎಂಬ ಮಾತು ನಡೆಯದು.

ನೇಕಾರ ಕೇರಿಯ ಹೆಂಗಸರು ಸೀಬಯ್ಯನಿಗೆ ಹಿಡಿಶಾಪ ಹಾಕಿದರು. ಅವನ ಹೆಂಡತಿಯೇ ತಟ್ಟೆ ಕುಕ್ಕಿ ಅನ್ನ ಬಡಿಸಿದಳು. ಅವನಿಗೆ ಬೇಸರವಾಯಿತು. ಉಂಡು ಎದ್ದವನು ಆನೆಲಾಯಕ್ಕೆ ಹೋಗಿ, ಮಾಲಿಂಗನಿಗೆ ತುತ್ತು ಕೊಡುತ್ತಿದ್ದ ಮಾವುತ ಹುಸೇನಿಯ ಹತ್ತಿರ ಹಾಗೇ ಮಾತಿಗೆ ಕೂತ. ಈ ಆನೆ ಎಷ್ಟು ಕಾಲದಿಂದ ನಿನ್ನ ಕೈಯಲ್ಲಿದೆಯಪ್ಪ, ದೊರೆ ಒಂದು ದಿನವಾದರೂ ಬೇಡ ಅಂದದ್ದುಂಟೇ ಎಂದು ಕೇಳಿದ. ಹುಸೇನಿ ದಡ್ಡನಲ್ಲ. ಅವನ ಮನೆಯವರು ಉಡುವ ಸೀರೆಯೂ ಚೌಡಪ್ಪನ ಮಗ್ಗದ್ದೇ.

ಮರುದಿನ ಹುಸೇನಿ ಸಭೆಯ ನಡುವೆ ಬಂದು ಸಲಾಮು ಮಾಡಿದ.

"ಆನೆ ನಂದು ಬುದ್ಧೀ. ಮರಿಯಿಂದ ನನ್ನ ಕೈಯಾಗೇ ಐತೆ. ತಾವು ಬ್ಯಾಡ ಅಂದಿಲ್ಲ."

ದೊರೆ ಬಿದ್ದುಬಿದ್ದು ನಕ್ಕ. ಧರ್ಮಾಧಿಕಾರಿಗಳು ನಗದೆ ನೆಲ ನೋಡುತ್ತಿರುವುದನ್ನು ಕಂಡು ನಗು ನಿಲ್ಲಿಸಿದ. ದಸರಾ ಹತ್ತಿರ ಬಂದಿತ್ತು. ಮಾವುತನ ಅಪ್ಪಣೆ ಕೇಳಿ ಅಂಬಾರಿ ಏರುವುದೆಂದರೆ ಅರಮನೆಯ ಮಾನ ಮೂರುಕಾಸಿಗೆ ಹೋದಂತೆ.

"ಸೀಬಯ್ಯ, ಎದ್ದು ಉತ್ತರ ಕೊಡು."

ಸೀಬಯ್ಯ ಎದ್ದ. "ಉತ್ತರ ಇದೆ, ಮಹಾಸ್ವಾಮಿ. ನಂಬಿ ಕೈಗೆ ಕೊಟ್ಟದ್ದು ಎಷ್ಟು ವರ್ಷವಾದರೂ ಇಟ್ಟುಕೊಂಡವನದಾಗುವುದಿಲ್ಲ. ಇದೊಂದು ಮಾತು ಸಾಕು, ಆನೆ ಅರಮನೆಗೆ ಉಳಿಯುತ್ತದೆ."

"ಹಾಗಾದರೆ ಹೇಳು, ಮುಗಿಸು."

"ಹೇಳಿದ ಮೇಲೆ ತೋಪು ನೇಕಾರರಿಗೆ ವಾಪಸು ಹೋಗುತ್ತದೆ. ಚೌಡಪ್ಪ ನಿನ್ನೆ ಅತ್ತು ಹೇಳಿದ್ದು ಇದೇ ಮಾತು."

"ಹೇಳದಿದ್ದರೆ?"

"ಆನೆ ಹುಸೇನಿಯದು. ತೋಪಿನಲ್ಲಿ ನಿಂತದ್ದು ಆನೆ, ಆದ್ದರಿಂದ ತೋಪೂ ಹುಸೇನಿಯದೇ. ಅರಮನೆ ಒಂದೇ ದಿನ ಎರಡು ದಾವೆ ಸೋತಂತೆ."

ದೊರೆ ಮೀಸೆ ನೀವಿಕೊಂಡ. ಹುಸೇನಿಯ ಕಡೆ ನೋಡಿದ, ಕಿಟಕಿಯಾಚೆ ಕಬ್ಬು ಮೆಲ್ಲುತ್ತಿದ್ದ ಮಾಲಿಂಗನ ಕಡೆ ನೋಡಿದ. ಕೊನೆಗೆ ಕೈ ಬೀಸಿ, ಆ ಮಾತನ್ನೇ ಹೇಳು ಎಂದ. ಸೀಬಯ್ಯ ಹೇಳಿದ, ಅರಮನೆ ಗೆದ್ದಿತು, ಕಾನೂನು ರದ್ದಾಯಿತು. ನೇಕಾರರು ಅಂದೇ ತೋಪಿನಲ್ಲಿ ಹಾಸು ಎಳೆದರು. ಅದರ ಪಕ್ಕದಲ್ಲೇ ಮಾಲಿಂಗ ಎಂದಿನಂತೆ ಹೋಗಿ ನಿಂತ.

ಸಭೆ ಕರಗಿದ ಮೇಲೆ ದೊರೆ ವಕೀಲನನ್ನು ಹತ್ತಿರ ಕರೆದ. ಇದೆಲ್ಲ ಯಾರ ಕೈವಾಡ ಎಂದು ತಿಳಿಯದಷ್ಟು ಮಂಕು ಅವನೂ ಅಲ್ಲ.

"ಅಲ್ಲಯ್ಯ, ನಾನು ಹಟ ಹಿಡಿದು ದಾವೆ ಸೋತಿದ್ದರೆ ನಿನ್ನ ಮನೆ ಹೋಗುತ್ತಿತ್ತಲ್ಲ. ಹೆದರಿಕೆ ಆಗಲಿಲ್ಲವೇ?"

"ಸೋತಿದ್ದರೆ ಹೆದರಿಕೆ ಏಕೆ, ಮಹಾಸ್ವಾಮಿ? ತಮ್ಮ ಕಾನೂನು ಉಳಿಯುತ್ತಿತ್ತು. ನಾನು ಆ ಮನೆಗೆ ಬಂದಾಗ ಮಾಲಿಂಗ ಇನ್ನೂ ಮರಿ. ಕಾನೂನಿನಂತೆ ಮನೆ ನನ್ನದೇ ಆಗುತ್ತಿತ್ತು." ಸೀಬಯ್ಯ ನಿಟ್ಟುಸಿರುಬಿಟ್ಟ. "ಏನು ಮಾಡಲಿ, ಅರಮನೆಯ ವಕೀಲ. ಗೆದ್ದು ಕಳೆದುಕೊಂಡೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಶಾಲು ತೆಗೆದು ಸೀಬಯ್ಯನಿಗೆ ಹೊದಿಸಿದ. ಆ ಮನೆಯಲ್ಲೇ ಸುಖವಾಗಿರು ಎಂದೂ ಹರಸಿದ.

ಸೀಬಯ್ಯ ಬಾಗಿಲು ದಾಟುವಾಗ ದೊರೆ ಹಿಂದಿನಿಂದ ಮತ್ತೆ ಕೂಗಿದ. "ಸೀಬಯ್ಯ, ನೆನಪಿರಲಿ. ದಯೆಗೆ ಕೊಟ್ಟಿದ್ದೇನೆ."