ನಾಲ್ಕು ಕಡೆಯ ಅಗುಳು

“ಗುರುಗಳೇ, ನನಗೆ ಬೇಕಿರುವುದು ಅರ್ಥಶಾಸ್ತ್ರದ ಡಾಕ್ಟರೇಟ್. ಅದಕ್ಕೆ ಮೊದಲು ಎರಡು ವರ್ಷ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಯಾಕೆ ಓದಬೇಕು?”

ಕೇಳಿದವಳು ಕಾತ್ಯಾಯಿನಿ. ಆ ಎಂ.ಎಸ್ಸಿ.ಯ ಪ್ರವೇಶ ಪರೀಕ್ಷೆಗೆ ಇನ್ನು ಹನ್ನೊಂದೇ ದಿನ. ಕಣಜ ತುಂಬಿದ ನಾಡಿನಲ್ಲೂ ಕೆಲವರ ಮನೆಯ ಒಲೆ ಯಾಕೆ ಹತ್ತುವುದಿಲ್ಲ ಎಂದು ಕಂಡುಹಿಡಿಯುವುದು ಅವಳ ಬಹುದಿನದ ಆಸೆ. ಜೊತೆಯಲ್ಲಿ ಬಿ.ಎ. ಓದಿದವರು ಆಗಲೇ ಸಭೆಗಳಲ್ಲಿ ಬಡತನದ ಬಗ್ಗೆ ಭಾಷಣ ಬಿಗಿಯುತ್ತಿದ್ದರು. ಇವಳು ಮಾತ್ರ ಆರು ತಿಂಗಳಿಂದ ಚೀಲದೊಳಗಿನ ಕೆಂಪು ಚೆಂಡು, ಬಿಳಿ ಚೆಂಡುಗಳ ಸಂಭವನೀಯತೆಯ ಲೆಕ್ಕದೊಡನೆ ಗುದ್ದಾಡುತ್ತಿದ್ದಳು. ಸಾಕಪ್ಪಾ ಸಾಕು, ಪರೀಕ್ಷೆ ಬಿಟ್ಟುಬಿಡುತ್ತೇನೆ ಎಂದು ಹೇಳಲೆಂದೇ ಬಂದಿದ್ದಳು.

“ಸಿಟ್ಟು ಬಂದಿದೆ, ಒಳ್ಳೆಯದೇ. ಕೂತುಕೋ,” ಎಂದು ಗುರುಗಳು ಕತೆ ಶುರು ಮಾಡಿದರು.

ಮದುವೆ ಅಡುಗೆಗೆ ಹೆಸರಾದ ಹಿರಿಯ ಅಡುಗೆಯವರೊಬ್ಬರಿದ್ದರು. ಸಾವಿರ ಎಲೆಯ ಊಟ ಬೇಯಿಸುವುದನ್ನು ಕಲಿಯಬೇಕೆಂದು ಒಬ್ಬ ಹೆಂಗಸು ಅವರ ಬಳಿ ಬಂದಳು, ಒಬ್ಬ ಗಂಡಸೂ ಬಂದ. ಹಿರಿಯರು ಇಬ್ಬರನ್ನೂ ಅನ್ನದ ಕೊಪ್ಪರಿಗೆಯ ಮುಂದೆ ನಿಲ್ಲಿಸಿ, “ಎರಡು ವರ್ಷ ಅಗುಳು ಹಿಚುಕಿ,” ಎಂದರು. ಗಂಡಸಿಗೆ ನಗು ಬಂತು. ಮನೆಯಲ್ಲಿ ಅಮ್ಮ ಒಂದೇ ಅಗುಳು ಹಿಚುಕಿ ಪಾತ್ರೆ ಇಳಿಸುವುದನ್ನು ಹುಟ್ಟಿದಾಗಿನಿಂದ ಕಂಡವನು ಅವನು. ತಿಂಗಳೊಳಗೆ ಹೊರಟುಹೋಗಿ ತಾನೇ ದೊಡ್ಡ ಅಡುಗೆಯವನಾದ. ಹೆಂಗಸು ಉಳಿದಳು. ಮೇಲಿನದು, ತಳದ್ದು, ನಡುವಿನದು, ಅಂಚಿನದು ಎಂದು ಹಿಚುಕಿ ಹಿಚುಕಿ ಅವಳ ಬೆರಳುಗಳಲ್ಲಿ ಬೊಬ್ಬೆ ಎದ್ದವು.

ಕೊನೆಗೊಂದು ದೊಡ್ಡ ಮದುವೆಯಲ್ಲಿ ಇಬ್ಬರಿಗೂ ಒಂದೊಂದು ಕೊಪ್ಪರಿಗೆ ಬಂತು. ಅವತ್ತು ಗಾಳಿಗೆ ಬೆಂಕಿಯೆಲ್ಲ ಒಂದೇ ಕಡೆ ವಾಲುತ್ತಿತ್ತು. ಗಂಡಸು ಕೈಗೆಟುಕಿದ ಅಗುಳೊಂದನ್ನು ಹಿಚುಕಿ, “ಆಯ್ತು, ಇಳಿಸಿ!” ಎಂದ. ಹೆಂಗಸು ನಾಲ್ಕು ಕಡೆಯಿಂದ ಅಗುಳು ತೆಗೆದಳು. ಸೌದೆಯನ್ನು ಆಚೆ ಬದಿಗೆ ಸರಿಸಿ ಕಾಯುತ್ತ ನಿಂತಳು.

ಹೆಣ್ಣಿನ ಕಡೆಯವರು ಓಡಿಬಂದರು. “ಬೀಗರು ಎಲೆ ಮುಂದೆ ಕೂತಾಯ್ತು. ಇನ್ನೆಷ್ಟು ಹೊತ್ತು ತಾಯಿ?”

“ಆ ಬದಿ ಇನ್ನೂ ಬೆಂದಿಲ್ಲಣ್ಣ. ಆ ಬದಿಯ ಅನ್ನ ಯಾರ ಎಲೆಗೆ ಬೀಳುತ್ತದೋ, ಅವರಿಗೂ ಹಸಿವಿದೆ.”

ಗಂಡಸಿನ ಕೊಪ್ಪರಿಗೆಯಿಂದ ಬಡಿಸಿದ ಮೊದಲ ಪಂಕ್ತಿ ಭೇಷ್ ಎಂದಿತು. ಎರಡನೆಯ ಪಂಕ್ತಿಯವರು ಅರೆಬೆಂದ ಅನ್ನ ಬಾಯಿಗಿಟ್ಟು ಎಲೆ ಬಿಟ್ಟೆದ್ದರು. ಆಗ ಆ ಮದುವೆಗೆ ಬಂದಿದ್ದ ಹಿರಿಯ ಅಡುಗೆಯವರು ಹೆಗಲ ಮೇಲಿನ ಟವೆಲ್ ಕೊಡವಿ, ಕಟ್ಟಕಡೆಯ ಪಂಕ್ತಿಯ ಕಟ್ಟಕಡೆಯ ಎಲೆಗೆ ಹೋಗಿ ಕೂತರು. “ನನ್ನ ಶಿಷ್ಯೆಯ ಕೊಪ್ಪರಿಗೆಯದು ಬಡಿಸಿ,” ಎಂದು ಚಪ್ಪರಕ್ಕೆಲ್ಲ ಕೇಳುವಂತೆ ಕೂಗಿದರು. ಮೂರು ಸಲ ಹಾಕಿಸಿಕೊಂಡು ಉಂಡರು.

ಕತೆ ಮುಗಿಯಿತು. ಕಾತ್ಯಾಯಿನಿ ಚೆಂಡುಗಳ ಲೆಕ್ಕದ ಪುಸ್ತಕ ತೆರೆದಳು.

ಗುರುಗಳು ಎದ್ದು ನಿಂತರು. “ನಾಡಿನ ಹಸಿವಿನ ಬಗ್ಗೆ ನೀನು ಮಾತಾಡುವ ದಿನ ನಾನು ಕಟ್ಟಕಡೆಯ ಸಾಲಿನಲ್ಲಿ ಬಂದು ಕೂರುತ್ತೇನೆ, ಯಾವ ಯಾವ ಕಡೆಯ ಅಗುಳು ಹಿಚುಕಿ ಈ ಲೆಕ್ಕ ಹೇಳುತ್ತಿದ್ದೀಯ ಎಂದು ಕೇಳುತ್ತೇನೆ.”