ಗಾಜಿನ ಜಾಡಿಯೊಳಗೆ ಮೂವರು

ಸಾವಿರದ ಏಳುನೂರ ಎಪ್ಪತ್ತೊಂದನೆಯ ಇಸವಿ. ಗಾಳಿಯ ಗುಟ್ಟು ತಿಳಿಯಹೊರಟ ಪಂಡಿತನೊಬ್ಬ ಉರಿಯುವ ಮೇಣದಬತ್ತಿ, ಪುದೀನದ ಗಿಡ, ಒಂದು ಇಲಿ, ಮೂರನ್ನೂ ಮೇಜಿನ ಮೇಲಿಟ್ಟು ಗಾಜಿನ ಜಾಡಿ ಕವುಚಿದ. ಇಲಿ ಹೆದರಿ ಬತ್ತಿಯ ಬೆಳಕಿನತ್ತ ಸರಿಯಿತು.

"ಬತ್ತಿಯಣ್ಣಾ, ಆರಿಬಿಡಬೇಡ! ಇಲ್ಲಿ ನಿನ್ನ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ" ಎಂದು ಅದು ಅಂಗಲಾಚಿತು.

"ನಾನಿರುವಾಗ ನಿನಗೇತರ ಭಯ?" ಎಂದು ಬತ್ತಿ ಬೀಗುತ್ತಾ ಉರಿಯಿತು. ಅದು ಉರಿದಷ್ಟೂ ಇಲಿಗೆ ಉಸಿರು ಕಟ್ಟಿತು. ದಿಗಿಲಾದಾಗ ಸಿಕ್ಕಿದ್ದನ್ನು ಕಡಿಯುವುದು ಇಲಿಯ ಹುಟ್ಟುಗುಣ. ಪುದೀನದ ಎಲೆ ಒಂದನ್ನೂ ಬಿಡದೆ ಕಚಕಚ ಕಡಿದುಹಾಕಿತು.

ಉರಿ ಕುಗ್ಗಿತು. "ತಮ್ಮಾ, ಇಷ್ಟು ಹೊತ್ತೂ ನಾನು ತಿಂದದ್ದು ನಿನ್ನ ಉಸಿರನ್ನೇ" ಎಂದು ಹೇಳಿ ಬತ್ತಿ ಆರಿತು.

"ಅಯ್ಯೋ, ಇನ್ನು ನನಗೆ ಉಸಿರು ಕೊಡುವವರು ಯಾರು?" ಎಂದು ಇಲಿ ಚೀರಿತು.

ಪುದೀನದ ಬೋಳು ದಂಟು ಮೆಲ್ಲಗೆ ಹೇಳಿತು: "ನಾನು ಕೊಡುತ್ತಿದ್ದೆ."